ಅಗಲಿಕೆಯನ್ನು ಅನುಗ್ರಹವಾಗಿಸಿದ ಆಚಾರ್ಯರು

ಮಾನವಜೀವನವು ಸಂಯೋಗ ವಿಯೋಗಗಳ ಸರಮಾಲೆ. ತವರಿನಿಂದ ಮಗಳು ಹೊರಡುತ್ತಾಳೆ, ಉದ್ಯೋಗಕ್ಕಾಗಿ ಮಗ ಊರು ಬಿಡುತ್ತಾನೆ, ಹಿರಿಯರು ಒಂದು ದಿನ ಇಹಲೋಕವನ್ನೇ ತ್ಯಜಿಸುತ್ತಾರೆ. ಕನ್ನಡನಾಡನ್ನು ಬಿಟ್ಟು ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಮಗಂತೂ ರೈಲುನಿಲ್ದಾಣದಲ್ಲಿ ಕಣ್ಣೊರೆಸಿಕೊಂಡ ತಾಯಿಯ ಮುಖ ಮರೆಯುವಂಥದ್ದಲ್ಲ. ಈ ವಿಯೋಗದುಃಖಕ್ಕೆ ಸಮಾಧಾನವೆಲ್ಲಿ? ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ದಿವ್ಯಚರಿತೆಯು ಇದಕ್ಕೆ ಉತ್ತರವನ್ನೀಯುತ್ತದೆ.

ಉಡುಪಿಯ ಸಮೀಪದ ಪಾಜಕಕ್ಷೇತ್ರದಲ್ಲಿ ಮಧ್ಯಗೇಹಭಟ್ಟರು ಮತ್ತು ವೇದವತೀದೇವಿಯರು ಎರಡು ಗಂಡುಮಕ್ಕಳನ್ನು ಕಳೆದುಕೊಂಡಿದ್ದರು. ರಜತಪೀಠಪುರದ ಅನಂತಾಸನನನ್ನು ಹನ್ನೆರಡು ವರ್ಷ ವ್ರತನಿಷ್ಠರಾಗಿ ಸೇವಿಸಿದ ಫಲವಾಗಿ, 1238ರಲ್ಲಿ ವಾಸುದೇವನೆಂಬ ಪುತ್ರರತ್ನವು ಜನಿಸಿತು. ಅಂತಹ ಮಗನೇ ಎಳೆವಯಸ್ಸಿನಲ್ಲಿ ಸಂನ್ಯಾಸಕ್ಕೆ ಹೊರಟಾಗ ಆ ದಂಪತಿಗಳ ಪಾಡು ಹೇಗಿದ್ದಿರಬೇಕು!

ತಂದೆ ಬೆನ್ನಟ್ಟಿ ಬಂದು ಬೇಡಿಕೊಂಡರು. ಕಡೆಗೆ ಮಗನಿಗೇ ನಮಸ್ಕರಿಸಿದರು. ಹಿರಿಯರು ಕಿರಿಯನಿಗೆ ನಮಿಸುವುದು ಅವನು ಯತಿಯಾದಾಗ ಮಾತ್ರವಾದ್ದರಿಂದ ಇದೇ ಅನುಮತಿಯ ಸೂಚನೆಯೆಂದು ವಾಸುದೇವನು ತಿಳಿಸಿದನು. ಆದರೂ ಅವನು ಅವರನ್ನು ತಿರಸ್ಕರಿಸಿ ಹೋಗಲಿಲ್ಲ. ತಮ್ಮನೊಬ್ಬನು ಹುಟ್ಟಿ ವಂಶವನ್ನು ಬೆಳಗುವನೆಂದು ಭರವಸೆಯಿತ್ತನು; ಅವನು ಹುಟ್ಟುವವರೆಗೂ ಕಾದನು. ಒಪ್ಪದ ತಾಯಿಗೆ, ಅನುಮತಿಯಿತ್ತರೆ ಆಗಾಗ ತನ್ನನ್ನು ಕಾಣಬಹುದು, ತಡೆದರೆ ದೂರದೇಶಕ್ಕೆ ಹೋದವನನ್ನು ಮತ್ತೆಂದೂ ಕಾಣಲಾರಳು ಎಂದು ತಿಳಿಹೇಳಿದನು. ಬಿಗಿಹಿಡಿದ ಪ್ರೀತಿಯು ಕಳೆದುಕೊಳ್ಳುತ್ತದೆ. ಹರಸಿ ಕಳುಹಿದ ಪ್ರೀತಿಯು ಉಳಿಸಿಕೊಳ್ಳುತ್ತದೆ. ಆ ಮಾತೆ ಕಣ್ಣೀರಿನೊಡನೆ ಸಮ್ಮತಿಸಿದಳು. ಅಚ್ಯುತಪ್ರೇಕ್ಷರಿಂದ ಆಶ್ರಮ ಸ್ವೀಕರಿಸಿ ವಾಸುದೇವನು ಪೂರ್ಣಪ್ರಜ್ಞರಾದನು.

ಬಳಿಕ ಶಿಷ್ಯರಿಗೂ ಅಗಲಿಕೆಯ ಪಾಠವಾಯಿತು. ಬದರಿಯ ಅನಂತಮಠದಲ್ಲಿ 48 ದಿನ ಮೌನೋಪವಾಸಗಳನ್ನಾಚರಿಸಿ, ಆಚಾರ್ಯರು ವ್ಯಾಸದರ್ಶನಕ್ಕೆ ಏಕಾಂಗಿಯಾಗಿ ಹೊರಟರು. ಅಗಲಿರಲಾರದೆ ಹಿಂಬಾಲಿಸಿದ ಸತ್ಯತೀರ್ಥರನ್ನು ಕೈಸನ್ನೆಯಿಂದ ಹಿಂದಿರುಗಿಸಿದರು. ಆ ಏಕಾಂತಯಾತ್ರೆಯ ಫಲವಾಗಿಯೇ ಸಜ್ಜನರಿಗೆ ಬ್ರಹ್ಮಸೂತ್ರಭಾಷ್ಯವು ದೊರೆಯಿತು.

ಪಾಜಕದ ಮನೆಯ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ತಂದೆತಾಯಿಗಳನ್ನು ಕೊನೆಯವರೆಗೂ ಸೇವಿಸಿದ ಆ ತಮ್ಮನು, ಅವರು ಗತಿಸಿದ ನಂತರ ಅಣ್ಣನಲ್ಲಿಗೆ ಬಂದು ಸಂನ್ಯಾಸ ಪಡೆದು ವಿಷ್ಣುತೀರ್ಥರೆನಿಸಿದರು. ಸೋದೆ ಹಾಗೂ ಸುಬ್ರಹ್ಮಣ್ಯ ಮಠಗಳಿಗೆ ಅವರೇ ಮೂಲಯತಿಗಳು. ಅಣ್ಣನು ಕರ್ತವ್ಯವನ್ನು ತೊರೆದು ಹೋಗಲಿಲ್ಲ, ವಹಿಸಿ ಹೋದನು ಎಂಬುದನ್ನು ನಾವು ಗಮನಿಸಬೇಕು. ದೂರದಲ್ಲಿರುವ ಮಕ್ಕಳಿಗೆ ಇದು ಎಚ್ಚರಿಕೆಯ ಮಾತೂ ಹೌದು.

1317ರ ಮಾಘ ಶುದ್ಧ ನವಮಿಯಂದು, ಉಡುಪಿಯ ಅನಂತೇಶ್ವರನ ಸನ್ನಿಧಿಯಲ್ಲಿ ಐತರೇಯೋಪನಿಷತ್ತಿನ ಪಾಠ ಹೇಳುತ್ತಿದ್ದಂತೆಯೇ ಪುಷ್ಪವೃಷ್ಟಿಯಾಗಿ, ಆಚಾರ್ಯರು ಅದೃಶ್ಯರಾಗಿ ಬದರಿಗೆ ತೆರಳಿದರೆಂಬುದು ಸಂಪ್ರದಾಯದ ನಂಬಿಕೆ. ಆ ದಿನವನ್ನು ನಾವು ಶೋಕದಿನವಾಗಿ ಅಲ್ಲ, ಮಧ್ವನವಮಿಯ ಉತ್ಸವವಾಗಿ ಆಚರಿಸುತ್ತೇವೆ. ಗುರುಗಳು ಕಣ್ಣಿಗೆ ಮರೆಯಾದರು, ಪಾಠ ನಿಲ್ಲಲಿಲ್ಲ.

ಜೀವಜೀವರು ಪರಸ್ಪರ ಭಿನ್ನರು. ಆದ್ದರಿಂದ ಅವರ ಕೂಡುವಿಕೆ ಅಗಲಿಕೆಗಳೆರಡೂ ಹರಿಯ ಅಧೀನ. ಆದರೆ ಬಿಂಬರೂಪಿಯಾದ ಶ್ರೀಹರಿಯು ಜೀವನನ್ನು ಕ್ಷಣಕಾಲವೂ ಅಗಲುವವನಲ್ಲ. ಈ ತತ್ತ್ವವನ್ನು ಅರಿತವನು ಅಳಬಾರದೆಂದಲ್ಲ, ಅಳುವಿನಲ್ಲಿಯೂ ಅನಾಥನಾಗುವುದಿಲ್ಲ.

ಗೋಕುಲವನ್ನು ಬಿಟ್ಟು ಮಥುರೆಗೆ, ಮಥುರೆಯನ್ನು ಬಿಟ್ಟು ಇದೇ ಗುಜರಾತಿನ ದ್ವಾರಕೆಗೆ ಬಂದವನು ನಮ್ಮ ಕೃಷ್ಣ. ಅದೇ ದ್ವಾರಕೆಯಿಂದ ಗೋಪೀಚಂದನದ ಗಡ್ಡೆಯೊಳಗೆ ಅಡಗಿ, ಹಡಗನ್ನೇರಿ, ಮಲ್ಪೆಯ ಕಡಲಿನಲ್ಲಿ ಆಚಾರ್ಯರ ಕೈಸೇರಿದನೆಂಬುದು ಐತಿಹ್ಯ. ಅವನು ಇಲ್ಲಿಂದ ನಮ್ಮೂರಿಗೆ ಹೋದ. ನಾವು ನಮ್ಮೂರಿನಿಂದ ಅವನೂರಿಗೆ ಬಂದೆವು. ಊರು ದೂರವಾದರೂ ಒಡೆಯನು ಹತ್ತಿರವೇ ಇದ್ದಾನೆ. ಈ ಅನುಸಂಧಾನವು ನಮ್ಮ ಮನೆಮನೆಗಳಲ್ಲಿ ನೆಲೆಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥