ಪಿನೆಲ್ ಮಹಾಶಯರೂ ಆಸ್ಪತ್ರೆಯ ಒಬ್ಬ ಆಳೂ

ಬುದ್ಧಿಭ್ರಮಣೆಗೊಂಡವರ ಕೈಕಾಲುಗಳಿಂದ ಸರಪಣಿಯನ್ನು ಕಳಚಿಸಿದವರಾರೆಂದು ಕೇಳಿದರೆ, ವೈದ್ಯಶಾಸ್ತ್ರವನ್ನು ಓದಿದವರು ಫ್ರಾನ್ಸ್ ದೇಶದ ಫಿಲಿಪ್ ಪಿನೆಲ್ ಮಹಾಶಯರ ಹೆಸರನ್ನು ಹೇಳುವರು. ಪ್ಯಾರಿಸ್ ನಗರದಲ್ಲಿ ಅವರ ಪ್ರತಿಮೆಯೂ ಇದೆ. ಈ ಕೀರ್ತಿಯಲ್ಲಿ ದೊಡ್ಡ ಪಾಲು ಆಸ್ಪತ್ರೆಯ ಒಬ್ಬ ಆಳಿಗೆ ಸಲ್ಲತಕ್ಕದ್ದು. ಆತನಿಂದ ತಾವು ಕಲಿತುದನ್ನು ಪಿನೆಲ್ಲರೇ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ದುಡಿದು ಉಣ್ಣುವ ನಮ್ಮ ವಾಚಕರು ಇದನ್ನು ತಿಳಿದಿರಬೇಕೆಂದು ನಮಗೆ ತೋರಿತು.

ಪಿನೆಲ್ಲರು ಜನಿಸಿದುದು 1745ನೆಯ ಇಸವಿ ಏಪ್ರಿಲ್ 20ರಂದು, ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ. ಮನೆತನದ ವೃತ್ತಿ ಶಸ್ತ್ರವೈದ್ಯ. ಮೊದಲು ಪಾದ್ರಿಯಾಗುವ ಉದ್ದೇಶದಿಂದ ಓದಿ, ಆಮೇಲೆ ಮನಸ್ಸು ತಿರುಗಿ, 1773ರಲ್ಲಿ ತುಲೂಸಿನಲ್ಲಿ ವೈದ್ಯ ಪದವಿಯನ್ನು ಪಡೆದರು. 1778ರಲ್ಲಿ ಪ್ಯಾರಿಸ್ ಸೇರಿದರು. ಅಲ್ಲಿಯ ವೈದ್ಯ ಮಂಡಳಿಯವರು ತುಲೂಸಿನ ಪದವಿಗೆ ಮನ್ನಣೆಯನ್ನು ಕೊಡಲಿಲ್ಲ. ಪರಊರಿನಿಂದ ಬಂದವನ ಸರ್ಟಿಫಿಕೇಟನ್ನು ದೊಡ್ಡ ಪಟ್ಟಣದ ಕಚೇರಿಯವರು ತಿರುಗಿಸಿ ನೋಡಿ ಮೇಜಿನ ಮೇಲೆ ಇಡುವ ರೀತಿಯನ್ನು ನಮ್ಮ ಗುಮಾಸ್ತ ಮಿತ್ರರಿಗೆ ನಾವು ವಿವರಿಸಬೇಕಾಗಿಲ್ಲ. ಪಿನೆಲ್ಲರು ಗಣಿತದ ಪಾಠ ಹೇಳಿದರು, ಇಂಗ್ಲಿಷಿನ ವೈದ್ಯಗ್ರಂಥಗಳನ್ನು ಅನುವಾದಿಸಿದರು, ಆರೋಗ್ಯ ವಿಷಯದ ಒಂದು ಪತ್ರಿಕೆಯ ಸಂಪಾದಕರಾದರು. ಪತ್ರಿಕೆ ನಡೆಸಿಯೂ ಹೊಟ್ಟೆ ತುಂಬಿಸಿಕೊಂಡರೆಂಬುದು ನಮಗಂತೂ ಆಶ್ಚರ್ಯದ ಸಂಗತಿ!

ಆ ದಿನಗಳಲ್ಲಿಯೇ ಅವರ ಸ್ನೇಹಿತನೊಬ್ಬನಿಗೆ ಚಿತ್ತಕ್ಷೋಭೆಯುಂಟಾಗಿ, ಅದು ಉನ್ಮಾದಕ್ಕೆ ತಿರುಗಿ, ಆತನು ಪ್ರಾಣವನ್ನು ಕಳೆದುಕೊಂಡನು. ಸರಿಯಾಗಿ ನೋಡಿಕೊಂಡಿದ್ದರೆ ಉಳಿಯುತ್ತಿದ್ದನೆಂಬ ಕೊರಗು ಪಿನೆಲ್ಲರನ್ನು ಬಿಡಲಿಲ್ಲ. ಅವರು ಪ್ಯಾರಿಸಿನ ಒಂದು ಖಾಸಗಿ ಮನೋರೋಗ ಚಿಕಿತ್ಸಾಲಯದಲ್ಲಿ ಸುಮಾರು ಐದು ವರ್ಷ ದುಡಿದು ಈ ರೋಗಿಗಳನ್ನು ಹತ್ತಿರದಿಂದ ಕಂಡರು.

1793ರಲ್ಲಿ, ಮಹಾಕ್ರಾಂತಿಯ ಭೀಕರ ದಿನಗಳಲ್ಲಿ, ಅವರಿಗೆ ಬಿಸೇತ್ರ ಎಂಬಲ್ಲಿ ವೈದ್ಯರ ಹುದ್ದೆ ದೊರೆಯಿತು. ಆಗ ಅವರಿಗೆ 48 ವಯಸ್ಸು. ಬಿಸೇತ್ರವು ಹೆಸರಿಗೆ ಆಸ್ಪತ್ರೆ. ಅಪರಾಧಿಗಳು, ಮುದುಕರು, ದಿಕ್ಕಿಲ್ಲದವರು ಸೇರಿ ಸಾವಿರಾರು ಗಂಡಸರನ್ನು ಅಲ್ಲಿ ತುಂಬಿದ್ದರು. ಅವರಲ್ಲಿ ಸುಮಾರು 200 ಮಂದಿ ಚಿತ್ತವಿಕಲರು. ಆ ವಿಭಾಗದ ಮೇಲ್ವಿಚಾರಣೆಯು ಜಾನ್ ಬಾಪ್ತಿಸ್ತ್ ಪ್ಯುಸಿನ್ ಎಂಬವರ ಕೈಯಲ್ಲಿತ್ತು. ಪ್ಯುಸಿನ್ ವೈದ್ಯರಲ್ಲ, ಚರ್ಮ ಹದಮಾಡುವ ಕಸುಬಿನವರು. ಗಂಡಮಾಲೆ ರೋಗದಿಂದ ಅದೇ ಬಿಸೇತ್ರಕ್ಕೆ ರೋಗಿಯಾಗಿ ಬಂದು, ಗುಣಹೊಂದಿ, ಅಲ್ಲಿಯೇ ಆಳಾಗಿ ನಿಂತು, ಮೇಲಕ್ಕೆ ಬಂದವರು. ರೋಗಿಗಳನ್ನು ಹೊಡೆಯಬಾರದೆಂದು ಅವರು ಕಟ್ಟುನಿಟ್ಟು ಮಾಡಿದ್ದರು. ಗುಣವಾದ ರೋಗಿಗಳನ್ನೇ ಆರಿಸಿ ಸೇವಕರನ್ನಾಗಿ ನೇಮಿಸುತ್ತಿದ್ದರು, ಏಕೆಂದರೆ ಆ ಸಂಕಟವನ್ನು ಉಂಡವನು ಕೈ ಎತ್ತುವುದಕ್ಕೆ ಹಿಂಜರಿಯುವನು. ಅವರ ಹೆಂಡತಿಯೂ ಈ ಕೆಲಸದಲ್ಲಿ ಬಹಳ ಜಾಣೆ.

ಪದವೀಧರರಾದ ವೈದ್ಯರು ಇಂಥವನಿಗೆ ಅಪ್ಪಣೆ ಕೊಡುವುದು ಲೋಕರೂಢಿ. ಪಿನೆಲ್ಲರು ಹಾಗೆ ಮಾಡದೆ ಆತನ ಹಿಂದೆ ಹಿಂದೆ ನಡೆದು ನೋಡಿದರು. ರೋಗಿಗಳ ಬಳಿ ಕುಳಿತು ಮಾತನಾಡಿಸಿ, ಅವರವರ ಪೂರ್ವವೃತ್ತಾಂತವನ್ನು ಬರೆದಿಟ್ಟುಕೊಂಡರು. ರಕ್ತ ತೆಗೆಯುವುದು, ಭೇದಿ ಮಾಡಿಸುವುದು ಮೊದಲಾದ ಅಂದಿನ ಚಿಕಿತ್ಸೆಗಳನ್ನು ಬಹುಮಟ್ಟಿಗೆ ಬಿಟ್ಟರು. ಊಟದ ವಿಚಾರದಲ್ಲಿ ಅವರು ತೋರಿದ ಶ್ರದ್ಧೆಯು, ಇಷ್ಟು ವರ್ಷ ಒಲೆಯ ಪಕ್ಕದಲ್ಲಿ ನಿಂತ ನಮಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ಕ್ಷಾಮದ ವರ್ಷಗಳಲ್ಲಿ ರೊಟ್ಟಿಯ ಪಡಿಯನ್ನು ಕಡಿಮೆ ಮಾಡಿದಾಗ ರೋಗಿಗಳು ಹೆಚ್ಚು ಮಂದಿ ಸತ್ತರೆಂಬುದನ್ನು ಅವರು ಲೆಕ್ಕವಿಟ್ಟು ಬರೆದರು.

ಒಂದು ಪ್ರಸಂಗವನ್ನು ಹೇಳಲೇಬೇಕು. ಪ್ಯಾರಿಸಿನ ಒಬ್ಬ ದರ್ಜಿಯು ರಾಜನಿಗೆ ವಿಧಿಸಿದ ಮರಣದಂಡನೆಯನ್ನು ಕುರಿತು ಏನೋ ಆಡಿಬಿಟ್ಟು, ತನ್ನ ತಲೆಯನ್ನೂ ಕಡಿಯುವರೆಂಬ ಭಯದಿಂದ ನಿದ್ರಾಹಾರಗಳನ್ನು ಬಿಟ್ಟು ಬಿಸೇತ್ರಕ್ಕೆ ಬಂದನು. ಪಿನೆಲ್ಲರು ಆತನಿಗೆ ಇತರ ರೋಗಿಗಳ ಬಟ್ಟೆಯನ್ನು ಹೊಲಿಯುವ ಕೆಲಸ ಕೊಡಿಸಿದರು. ಸೂಜಿ ಕೈಗೆ ಬಂದೊಡನೆ ಆತನು ಚೇತರಿಸಿಕೊಂಡನು. ಕೆಲಸ ನಿಂತಾಗ ಭಯವು ಮತ್ತೆ ಬಂದಿತು. ಆಗ ಮೂವರು ವೈದ್ಯರು ನ್ಯಾಯಾಧೀಶರ ವೇಷದಿಂದ ಬಂದು, ವಿಚಾರಣೆ ನಡೆಸಿದಂತೆ ಮಾಡಿ, ಆತನು ನಿರಪರಾಧಿಯೆಂದು ತೀರ್ಪು ಕೊಟ್ಟರು. ಉಪಾಯವು ಫಲಿಸಿತು. ಕೆಲ ಕಾಲದ ಮೇಲೆ ಯಾರೋ ಬಾಯಿಬಡುಕರು ಅದೆಲ್ಲ ನಾಟಕವೆಂದು ಹೇಳಿಬಿಟ್ಟರು. ದರ್ಜಿಯು ಮೊದಲಿನಂತಾದನು. ಈ ಸೋಲನ್ನೂ ಪಿನೆಲ್ಲರು ಮರೆಮಾಚದೆ ಬರೆದಿದ್ದಾರೆ.

ಈ ಕಥೆಯನ್ನು ಓದಿದಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಯಿತು. ನಾವು ಹೋಟೆಲು ನಡೆಸುತ್ತಿದ್ದಾಗ ನಮ್ಮಲ್ಲಿದ್ದ ಒಬ್ಬ ಮಾಣಿಯು ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಯಾರೋ ಕರೆಯುತ್ತಿರುವರೆಂದು ಎದ್ದೆದ್ದು ಓಡತೊಡಗಿದನು. ಗಿರಾಕಿಗಳು ಹೆದರುವರೆಂದು ನಾವು ಆತನನ್ನು ಅಕ್ಕಿಯ ಕೋಣೆಯಲ್ಲಿ ಹಗ್ಗದಿಂದ ಕಟ್ಟಿಸಿದೆವು. ಮೂರನೆಯ ದಿನ, ಬಾಕಿ ಸಂಬಳವನ್ನು ಕಾಸು ಬಿಡದೆ ಎಣಿಸಿಕೊಟ್ಟು, ಊರಿನ ಬಸ್ಸು ಹತ್ತಿಸಿದೆವು. ವೈದ್ಯರಿಗೆ ತೋರಿಸುವ ಯೋಚನೆಯೇ ನಮಗೆ ಬರಲಿಲ್ಲ. ಬಂದಿದ್ದರೂ ಆ ಹುಡುಗನ ಕನ್ನಡವನ್ನು ತಿಳಿಯುವ ವೈದ್ಯರನ್ನು ಈ ಪಟ್ಟಣದಲ್ಲಿ ಎಲ್ಲಿ ಹುಡುಕುತ್ತಿದ್ದೆವೋ! 2022ರಿಂದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ದೊರೆಯುತ್ತಿದೆ, ಕನ್ನಡದಲ್ಲಿಯೂ ದೊರೆಯುತ್ತಿದೆ.

ಇನ್ನು ಸರಪಣಿಯ ಮಾತು. ಪಿನೆಲ್ಲರು ನಿಂತು ಕಬ್ಬಿಣವನ್ನು ಕಳಚಿಸುವ ಚಿತ್ರಗಳು 1849ರಲ್ಲಿಯೂ 1876ರಲ್ಲಿಯೂ ರಚಿತವಾಗಿ ಲೋಕಪ್ರಸಿದ್ಧವಾದುವು. ನಡೆದುದು ಬೇರೆ. ಪಿನೆಲ್ಲರು 1795ರಲ್ಲಿಯೇ ಹೆಂಗಸರ ಸಾಲ್ಪೆತ್ರಿಯೇರ್ ಆಸ್ಪತ್ರೆಗೆ ಹೋಗಿದ್ದರು. ಬಿಸೇತ್ರದಲ್ಲಿ ಸರಪಣಿಗಳನ್ನು ತೆಗೆಸಿದವರು ಪ್ಯುಸಿನ್, 1797ರಲ್ಲಿ. ಉದ್ರೇಕಗೊಂಡವರಿಗೆ ಅದರ ಬದಲು ಬಟ್ಟೆಯ ಬಿಗಿಯಂಗಿ ಬಂದಿತು. ಅದೂ ಬಂಧನವೇ, ಆದರೆ ಚರ್ಮ ಹರಿಯುವುದಿಲ್ಲ. ಪಿನೆಲ್ಲರು ಹಳೆಯ ಸಂಗಾತಿಯನ್ನು ಮರೆಯದೆ, ಕೆಲ ವರ್ಷಗಳಲ್ಲಿ ಪ್ಯುಸಿನ್‌ರನ್ನು ಸಾಲ್ಪೆತ್ರಿಯೇರಿಗೆ ಕರೆಸಿಕೊಂಡರು. ಅಲ್ಲಿಯೂ ಕಬ್ಬಿಣವು ಕಳಚಿತು. ಎಲ್ಲವನ್ನೂ ತಂದೆಯೊಬ್ಬರ ಹೆಸರಿಗೇ ಕಟ್ಟಿ ಕಥೆ ಬೆಳೆಸಿದವರಲ್ಲಿ ಪಿನೆಲ್ಲರ ಮಗನೂ ಒಬ್ಬನು.

ನಮ್ಮ ದೇಶದಲ್ಲಿ ಕಬ್ಬಿಣವು ಇಷ್ಟು ಬೇಗ ಕಳಚಲಿಲ್ಲ. 2001ನೆಯ ಇಸವಿ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಣಿಯಲ್ಲಿದ್ದ ರೋಗಿಗಳು ಓಡಲಾರದೆ 28 ಮಂದಿ ಮಡಿದರು. ರೋಗಿಗಳನ್ನು ಸರಪಣಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ.

ಪಿನೆಲ್ಲರ ಮುಖ್ಯ ಗ್ರಂಥವು 1800ರ ಸುಮಾರಿಗೆ ಹೊರಬಂದು, 1806ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. 1809ರ ಎರಡನೆಯ ಆವೃತ್ತಿಯಲ್ಲಿ ಪ್ಯುಸಿನ್‌ರ ಉಪಕಾರವನ್ನು ಇನ್ನೂ ಧಾರಾಳವಾಗಿ ನೆನೆದರು. ಪ್ಯುಸಿನ್ 1811ರಲ್ಲಿ ತೀರಿಕೊಂಡರು. 1822ರಲ್ಲಿ ಸರ್ಕಾರವು ಪ್ಯಾರಿಸಿನ ವೈದ್ಯ ವಿದ್ಯಾಲಯವನ್ನು ವಿಸರ್ಜಿಸಿದಾಗ ವೃದ್ಧರಾದ ಪಿನೆಲ್ಲರು ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡರು. 1826ನೆಯ ಇಸವಿ ಅಕ್ಟೋಬರ್ 25ರಂದು, 81ನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿಯೇ ಕಾಲವಾದರು.