ಎಡ–ಬಲದ ಧ್ವನಿಗೆ ದಾರಿ ತೋರಿದ ಅಲನ್ ಬ್ಲೂಮ್‌ಲೈನ್

ಹೋಂ ಥಿಯೇಟರ್ ಜೋಡಿಸುವಾಗ ಎಡದ ಸ್ಪೀಕರಿನ ತಂತಿ ಎಡಕ್ಕೆ, ಬಲದ್ದು ಬಲಕ್ಕೆ, ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕೆಂಬುದು ಎಲ್ಲರಿಗೂ ತಿಳಿದ ನಿಯಮ. ಈ ನಿಯಮದ ಹಿಂದಿರುವುದು ಬ್ರಿಟನ್ನಿನ ಎಂಜಿನಿಯರ್ ಅಲನ್ ಡೋವರ್ ಬ್ಲೂಮ್‌ಲೈನ್ ಅವರ ಚಿಂತನೆ. ತಮ್ಮ ಕಲ್ಪನೆ ಮನೆಮನೆಯನ್ನು ತಲುಪಿದ್ದನ್ನು ಕಾಣುವ ಭಾಗ್ಯ ಮಾತ್ರ ಅವರಿಗೆ ಒದಗಲಿಲ್ಲ.

ಬ್ಲೂಮ್‌ಲೈನ್ ಜನಿಸಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನ್ ಮೂಲದವರು. ತಾಯಿ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಸ್ಕಾಟಿಷ್ ಪಾದ್ರಿಯೊಬ್ಬರ ಮಗಳು. ಏಳನೆಯ ವಯಸ್ಸಿನಲ್ಲೇ ಮನೆಯ ಕರೆಗಂಟೆಯನ್ನು ದುರಸ್ತಿ ಮಾಡಿ, ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಸಹಿ ಹಾಕಿದ ಬಿಲ್ಲನ್ನು ತಂದೆಗೆ ಒಪ್ಪಿಸಿದ್ದರೆಂಬ ಪ್ರತೀತಿಯಿದೆ. ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. 1924ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಸೇರಿ, ದೂರವಾಣಿ ಕೇಬಲ್ಲುಗಳಲ್ಲಿ ಒಂದು ಸಂಭಾಷಣೆ ಇನ್ನೊಂದರೊಳಗೆ ನುಸುಳದಂತೆ ತಡೆಯುವ ಕಾರ್ಯದಲ್ಲಿ ಹೆಸರು ಮಾಡಿದರು. 1929ರಲ್ಲಿ ಕೊಲಂಬಿಯಾ ಗ್ರಾಫೊಫೋನ್ ಕಂಪನಿಗೆ ಬಂದರು. ಎರಡು ವರ್ಷಗಳಲ್ಲಿ ಆ ಸಂಸ್ಥೆ ವಿಲೀನಗೊಂಡು ಇಎಂಐ ಉದಯಿಸಿತು.

ಅದು ಟಾಕಿ ಚಿತ್ರಗಳ ಆರಂಭದ ಕಾಲ. ಪರದೆಯ ಒಂದು ಅಂಚಿನಲ್ಲಿರುವ ನಟನ ಮಾತು ಇನ್ನೊಂದು ಕಡೆಯಿಂದ ಕೇಳಿಬರುತ್ತಿದ್ದುದು ಅವರಿಗೆ ಅಸಂಗತವಾಗಿ ತೋರಿತು. ನಟ ನಡೆದತ್ತ ಧ್ವನಿಯೂ ಸಾಗಬೇಕೆಂಬ ಹಟವೇ 1931ರ ಡಿಸೆಂಬರ್ 14ರಂದು ಸಲ್ಲಿಕೆಯಾದ ಪೇಟೆಂಟ್ ಅರ್ಜಿಗೆ ಮೂಲ. 394325 ಸಂಖ್ಯೆಯ ಆ ಪೇಟೆಂಟಿನಲ್ಲಿ 70 ಹಕ್ಕುಸಾಧನೆಗಳಿದ್ದವು.

ಎರಡು ಸ್ಪೀಕರುಗಳ ಧ್ವನಿಯೂ ಎರಡೂ ಕಿವಿಗಳನ್ನು ತಲುಪುತ್ತದೆ. ಅವುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿದರೆ ಶಬ್ದವು ಎಡ, ಬಲ ಅಥವಾ ನಟ್ಟನಡುವೆ ನಿಂತಂತೆ ಭಾಸವಾಗುತ್ತದೆ. ಇದಕ್ಕೆ ಎರಡೂ ಸ್ಪೀಕರುಗಳು ಒಂದೇ ಲಯದಲ್ಲಿ ಕಂಪಿಸಬೇಕು. ಒಂದರ ಕೆಂಪು–ಕಪ್ಪು ತಂತಿಗಳು ಅದಲುಬದಲಾದರೆ, ಒಂದು ಮುಂದಕ್ಕೆ ಚಲಿಸುವಾಗ ಇನ್ನೊಂದು ಹಿಂದಕ್ಕೆ ಸರಿಯುತ್ತದೆ. ಆಗ ಮಂದ್ರಧ್ವನಿ ಸೊರಗುತ್ತದೆ, ನಡುವೆ ನಿಲ್ಲಬೇಕಾದ ಮಾತು ನೆಲೆ ತಪ್ಪುತ್ತದೆ.

ಒಂದೇ ಗಾಡಿಯ ಎರಡು ಗೋಡೆಗಳಲ್ಲಿ ಎರಡು ಧ್ವನಿಪಥಗಳನ್ನು ಕೊರೆಯುವ ವಿಧಾನವೂ ಅದೇ ಪೇಟೆಂಟಿನಲ್ಲಿತ್ತು. 1934ರ ಜನವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಿರ್ದೇಶನದ ವಾದ್ಯವೃಂದವು ಮೊಜಾರ್ಟರ ಜ್ಯೂಪಿಟರ್ ಸಿಂಫನಿಯನ್ನು ನುಡಿಸುತ್ತಿದ್ದಾಗ ಈ ವಿಧಾನದಿಂದ ಧ್ವನಿಮುದ್ರಿಸಲಾಯಿತು. 1935ರಲ್ಲಿ ಹೇಯ್ಸ್ ನಿಲ್ದಾಣದ ರೈಲುಗಳ ಪ್ರಾಯೋಗಿಕ ಚಿತ್ರವೂ ಸಿದ್ಧವಾಯಿತು.

ಆದರೆ ಇಎಂಐ ಇದನ್ನು ಮಾರುಕಟ್ಟೆಗೆ ತರಲಿಲ್ಲ. ಬ್ಲೂಮ್‌ಲೈನ್ ಅವರ ಗಮನ ಟೆಲಿವಿಷನ್ ಕಡೆಗೆ ಹೊರಳಿತು. 1936ರ ನವೆಂಬರ್ 2ರಂದು ಬಿಬಿಸಿ ಆರಂಭಿಸಿದ ಪ್ರಸಾರದಲ್ಲಿ ಬಳಕೆಯಾದ 405 ಗೆರೆಗಳ ವ್ಯವಸ್ಥೆಯ ರೂಪಣೆಯಲ್ಲಿ ಅವರ ಪಾತ್ರ ಹಿರಿದು. ಅವರ ಹೆಸರಿನಲ್ಲಿ ಒಟ್ಟು 128 ಪೇಟೆಂಟುಗಳಿವೆ.

ಎರಡನೆಯ ಮಹಾಯುದ್ಧ ಅವರನ್ನು ರಾಡಾರಿನತ್ತ ಸೆಳೆಯಿತು. ಕತ್ತಲಲ್ಲಿಯೂ, ಮೋಡ ಮುಸುಕಿದಾಗಲೂ ನೆಲದ ಚಿತ್ರವನ್ನು ವಿಮಾನಕ್ಕೆ ತೋರಿಸುವ ಎಚ್‌2ಎಸ್ ಉಪಕರಣದ ಪರೀಕ್ಷೆಗಾಗಿ 1942ರ ಜೂನ್ 7ರಂದು ಅವರು ಹ್ಯಾಲಿಫ್ಯಾಕ್ಸ್ ಬಾಂಬರ್ ಏರಿದರು. ಎಂಜಿನ್ನಿಗೆ ಬೆಂಕಿ ಹತ್ತಿ ವಿಮಾನವು ಹೆರೆಫರ್ಡ್‌ಷೈರಿನ ವೆಲ್ಷ್ ಬಿಕ್ನರ್ ಬಳಿ ಪತನಗೊಂಡಿತು. ಅದರಲ್ಲಿದ್ದ 11 ಮಂದಿಯೂ ಅಸುನೀಗಿದರು. ಎಂಜಿನ್ನಿನ ನಟ್ಟೊಂದನ್ನು ಸರಿಯಾಗಿ ಬಿಗಿಗೊಳಿಸದಿದ್ದುದೇ ದುರಂತದ ಮೂಲವೆಂದು ತನಿಖೆಯಿಂದ ತಿಳಿದುಬಂತು. ಬ್ಲೂಮ್‌ಲೈನ್ ಅವರಿಗೆ ಆಗ 38 ವರ್ಷ. ಪತ್ನಿ ಡೋರೀನ್ ಹಾಗೂ ಇಬ್ಬರು ಗಂಡುಮಕ್ಕಳನ್ನು ಅವರು ಅಗಲಿದ್ದರು.

ರಾಡಾರಿನ ಗುಟ್ಟು ಶತ್ರುವಿಗೆ ತಿಳಿಯಬಾರದೆಂಬ ಕಾರಣಕ್ಕೆ ಈ ಸಾವನ್ನು ಗೋಪ್ಯವಾಗಿಡಲಾಯಿತು. ಎಚ್‌2ಎಸ್ 1943ರ ಆರಂಭದಲ್ಲಿ ಯುದ್ಧರಂಗಕ್ಕಿಳಿಯಿತು; ಅದಕ್ಕಾಗಿ ಪ್ರಾಣ ತೆತ್ತವರ ಹೆಸರು ಮಾತ್ರ ಬಹುಕಾಲ ತೆರೆಮರೆಯಲ್ಲೇ ಉಳಿಯಿತು.

ಅವರ ಪೇಟೆಂಟಿನ ಅವಧಿ ಮುಗಿದ ಬಳಿಕವೇ, 1958ರಲ್ಲಿ, ಸ್ಟೀರಿಯೊ ಗ್ರಾಮೊಫೋನ್ ತಟ್ಟೆಗಳು ವ್ಯಾಪಕವಾಗಿ ಮಾರುಕಟ್ಟೆಗೆ ಬಂದವು. ಎರಡು ಪಥಗಳ ಮೊತ್ತ ಮತ್ತು ವ್ಯತ್ಯಾಸಗಳನ್ನು ಬಳಸುವ ಅವರ ವಿಚಾರವು ಮುಂದೆ ಎಫ್‌ಎಂ ಸ್ಟೀರಿಯೊ ಪ್ರಸಾರಕ್ಕೆ ಒದಗಿತು. 1970ರ ದಶಕದ ಡಾಲ್ಬಿ ಚಿತ್ರಗಳಲ್ಲಿಯೂ ಎರಡೇ ಪಥಗಳಿಂದ ನಡುವಿನ ಹಾಗೂ ಹಿಂಬದಿಯ ಸ್ಪೀಕರುಗಳ ಧ್ವನಿಯನ್ನು ಬೇರ್ಪಡಿಸಲು ಇದೇ ತತ್ವ ನೆರವಾಯಿತು. 1980ರ ದಶಕದಲ್ಲಿ ಆ ವ್ಯವಸ್ಥೆ ಮನೆಗಳನ್ನೂ ಪ್ರವೇಶಿಸಿತು.

ಮನ್ನಣೆ ಬಂದದ್ದು ತಡವಾಗಿ. 2015ರಲ್ಲಿ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಐಇಇಇ ಸಂಸ್ಥೆಯು ಸ್ಮಾರಕ ಫಲಕವನ್ನಿರಿಸಿತು; 2017ರಲ್ಲಿ ತಾಂತ್ರಿಕ ಸಾಧನೆಯ ಗ್ರ್ಯಾಮಿ ಗೌರವ ಮರಣೋತ್ತರವಾಗಿ ಸಂದಿತು. ಆ ವೇಳೆಗೆ ಅವರು ತೀರಿಕೊಂಡು ಏಳು ದಶಕಗಳೇ ಕಳೆದಿದ್ದವು. ನಟನ ಮಾತು ನಟನಿರುವ ಕಡೆಯಿಂದಲೇ ಕೇಳಬೇಕೆಂಬ ಅವರ ಆಸೆ ಮಾತ್ರ ಅಷ್ಟರೊಳಗೆ ಜಗತ್ತಿನ ಅಸಂಖ್ಯ ಮನೆಗಳಲ್ಲಿ ಕೈಗೂಡಿತ್ತು.