ವಿದುಷಿ ಲಿಲಿಯನ್ ಗಿಲ್‌ಬ್ರೆತ್

ಬಿ.ಎ. ಕೊನೆಯ ವರ್ಷದ ತರಗತಿಗೆ ಬಂದವರನ್ನು ಊರಿನಲ್ಲಿ ಕಂಡವರೆಲ್ಲ ಕೇಳುವುದು, ಮುಂದೇನು ಎಂದು. ಮಾನವ ಸಂಪನ್ಮೂಲ ನಿರ್ವಹಣೆಯನ್ನು ಓದಬೇಕೆಂದಿದ್ದೇನೆ ಎಂದು ನಾನು ಹೇಳಿದಾಗ ನಮ್ಮ ಮನೆಯಲ್ಲಿ ಯಾರಿಗೂ ಅದರ ತಲೆಬುಡ ತಿಳಿಯಲಿಲ್ಲ. ಹಿಂದಿನವರು ಇದನ್ನೇ ಸಿಬ್ಬಂದಿ ನಿರ್ವಹಣೆ ಎನ್ನುತ್ತಿದ್ದರು. ಕಾರ್ಖಾನೆಯಲ್ಲಾಗಲಿ ಕಚೇರಿಯಲ್ಲಾಗಲಿ ಜನರನ್ನು ಆರಿಸಿಕೊಳ್ಳುವುದು, ಅವರಿಗೆ ಕೆಲಸ ಕಲಿಸುವುದು, ಅವರ ಸಂಬಳ, ರಜೆ, ಕ್ಷೇಮಗಳನ್ನು ನೋಡಿಕೊಳ್ಳುವುದು, ಇವುಗಳ ಶಾಸ್ತ್ರ ಇದು ಎಂದು ಬಿಡಿಸಿ ಹೇಳಿದೆ. ನಮ್ಮ ತಾಯಿ ಬೆಳಗಿನ ಬಸ್ಸು ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುವವರು. ದುಡಿಸಿಕೊಳ್ಳುವುದಕ್ಕೂ ಒಂದು ಓದು ಬೇಕೇ ಎಂದು ಕೇಳಿ ಸುಮ್ಮನಾದರು. ಅವರ ಮಾತಿಗೆ ಕಾರಣವಿತ್ತು. ಹಿಂದೊಮ್ಮೆ ಅವರ ಹೊಲಿಗೆಯ ಯಂತ್ರದ ಹಿಂದೆ ಯಾರೋ ಒಬ್ಬರು ಗಡಿಯಾರ ಹಿಡಿದು ನಿಂತು ಏನನ್ನೋ ಬರೆದುಕೊಂಡು ಹೋದರಂತೆ. ಮುಂದಿನ ವಾರದಿಂದ ಗಂಟೆಗೆ ಹೊಲಿದು ಕೊಡಬೇಕಾದ ತುಂಡುಗಳ ಲೆಕ್ಕ ಏರಿತಂತೆ.

ಆ ಗಡಿಯಾರದ ಮೂಲವೆಲ್ಲಿ ಎಂದು ತಿಳಿಯುವ ಕುತೂಹಲದಿಂದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನಿರ್ವಹಣಾಶಾಸ್ತ್ರದ ಪುಸ್ತಕಗಳನ್ನು ತಿರುವಿ ಹಾಕಿದೆ. ಮೊದಲು ಸಿಕ್ಕವರು ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್. ಗಡಿಯಾರ ಅವರದು. ಅವರ ಬೆನ್ನಿಗೇ ಗಿಲ್‌ಬ್ರೆತ್ ದಂಪತಿಗಳೆಂದು ಒಂದೂವರೆ ಪುಟ. ಅದರಲ್ಲಿಯೂ ಹೆಚ್ಚಿನ ಪಾಲು ಗಂಡನಿಗೆ ಸಂದಿತ್ತು. ಹೆಂಡತಿಯ ವಿಷಯವಾಗಿ ಇದ್ದ ನಾಲ್ಕು ಸಾಲುಗಳಲ್ಲಿ, ಆಕೆ ಹನ್ನೆರಡು ಮಕ್ಕಳ ತಾಯಿ ಎಂಬುದಕ್ಕೇ ಒಂದು ಸಾಲು ವ್ಯಯವಾಗಿತ್ತು. ಉಳಿದುದನ್ನು ಬೇರೆ ಕಡೆ ಹುಡುಕಿ ಓದಿದೆ. ಓದಿದುದನ್ನು ಸಹಪಾಠಿಗಳೊಡನೆ ಹಂಚಿಕೊಳ್ಳಬೇಕೆನಿಸಿ ಈ ಲೇಖನ.

ಲಿಲಿಯನ್ ಹುಟ್ಟಿದ್ದು 1878ನೆಯ ಇಸವಿ ಮೇ ತಿಂಗಳ 24ರಂದು, ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದಲ್ಲಿ. ತಂದೆ ವಿಲಿಯಂ ಮೋಲರ್ ವ್ಯಾಪಾರಸ್ಥರು, ಅನುಕೂಲಸ್ಥರು. ಮನೆ ತುಂಬ ಮಕ್ಕಳು. ಅವರಲ್ಲಿ ಈಕೆಯೇ ಹಿರಿಯಳು. ಬಲು ಸಂಕೋಚದ ಹುಡುಗಿ. ಒಂಬತ್ತು ವರ್ಷವಾಗುವವರೆಗೆ ಶಾಲೆಯ ಮುಖವನ್ನೇ ಕಾಣದೆ ಮನೆಯಲ್ಲಿಯೇ ಪಾಠ ಕಲಿತಳು. ಪ್ರೌಢಶಾಲೆ ಮುಗಿದ ಮೇಲೆ ಕಾಲೇಜಿನ ಮಾತು ಬಂದಾಗ ತಂದೆ ಒಪ್ಪಲಿಲ್ಲ. ದುಡಿದು ಉಣ್ಣಬೇಕಾದ ಹೆಂಗಸರಿಗೆ ಮಾತ್ರ ಕಾಲೇಜು, ತನ್ನ ಮಗಳಿಗೆ ಆ ಗತಿ ಏಕೆ ಎಂಬುದು ಅವರ ವಾದ. ನಮ್ಮ ಕಡೆ ಹೆಣ್ಣುಮಕ್ಕಳ ಓದನ್ನು ನಿಲ್ಲಿಸುವುದು ಹಣವಿಲ್ಲದ ಕಾರಣಕ್ಕೆ. ಅಲ್ಲಿ ಹಣವಿದ್ದ ಕಾರಣಕ್ಕೆ! ಒಂದು ವರ್ಷ ನೋಡೋಣ ಎಂದು ತಂದೆಯನ್ನು ಒಪ್ಪಿಸಿ ಆಕೆ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಕ್ಕೆ ಸೇರಿದಳು. ಮನೆಯಲ್ಲಿಯೇ ಇದ್ದುಕೊಂಡು ದಿನವೂ ಹೋಗಿಬಂದು ಓದಿದಳು. 1900ರಲ್ಲಿ ಆಂಗ್ಲ ಸಾಹಿತ್ಯದಲ್ಲಿ ಬಿ.ಎ. ಪದವಿ ಪಡೆದಾಗ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಪರವಾಗಿ ಭಾಷಣ ಮಾಡಲು ಆಕೆಯನ್ನು ಆರಿಸಿದರು. ಬರ್ಕ್ಲಿಯ ಘಟಿಕೋತ್ಸವದಲ್ಲಿ ಹಾಗೆ ಮಾತನಾಡಿದ ಮೊದಲ ಹೆಣ್ಣುಮಗಳು ಈಕೆ. ಲಿಲಿ ಎಂದಿದ್ದ ಹೆಸರು ಪದವೀಧರೆಗೆ ಹಗುರವಾಯಿತೆಂದು ಲಿಲಿಯನ್ ಎಂದು ಮಾಡಿಕೊಂಡದ್ದೂ ಆ ಕಾಲದಲ್ಲಿಯೇ.

ಸ್ನಾತಕೋತ್ತರ ವ್ಯಾಸಂಗಕ್ಕೆಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದಳು. ಯಾವ ಪ್ರಾಧ್ಯಾಪಕರ ಬಳಿ ಸಾಹಿತ್ಯ ಓದಬೇಕೆಂದು ಅಷ್ಟು ದೂರ ಹೋದಳೋ ಅವರು ಹೆಂಗಸರನ್ನು ತಮ್ಮ ತರಗತಿಗೆ ಸೇರಿಸುತ್ತಿರಲಿಲ್ಲ. ಆದುದರಿಂದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಅವರ ಪಾಠಗಳಿಗೆ ಹೋಗಿ ಕುಳಿತಳು. ಮುಚ್ಚಿದ ಆ ಒಂದು ಬಾಗಿಲಿನಿಂದ ಆಕೆಯ ಜೀವನದ ದಿಕ್ಕು ಬದಲಾಯಿತೆನ್ನಬಹುದು. ಆರೋಗ್ಯ ಕೆಟ್ಟು ಊರಿಗೆ ಮರಳಿ, 1902ರಲ್ಲಿ ಬರ್ಕ್ಲಿಯಲ್ಲಿಯೇ ಎಂ.ಎ. ಮುಗಿಸಿದಳು. ಹೀಗೆ ಕೈಗಾರಿಕಾ ಜಗತ್ತು ಮುಂದೆ ತಲೆಬಾಗಿದ ಈ ವಿದುಷಿ ಮೂಲತಃ ನಮ್ಮಂತೆಯೇ ಕಲಾ ವಿಭಾಗದವಳು. ವಾಣಿಜ್ಯ ವಿಭಾಗದ ಮಿತ್ರರು ಇದನ್ನು ಗಮನಿಸಬೇಕು.

1903ರಲ್ಲಿ ಯೂರೋಪ್ ಪ್ರವಾಸಕ್ಕೆ ಹೊರಟಿದ್ದಾಗ ಬಾಸ್ಟನ್ ನಗರದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬ ಕಟ್ಟಡದ ಗುತ್ತಿಗೆದಾರನ ಪರಿಚಯವಾಯಿತು. ಈತ ಕಾಲೇಜಿಗೆ ಹೋದವನಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಇಟ್ಟಿಗೆ ಕಟ್ಟುವ ಗಾರೆ ಕೆಲಸಕ್ಕೆ ಸೇರಿದವನು. ಆದರೆ ಕಣ್ಣು ಬಹಳ ಚುರುಕು. ಕೆಲಸ ಕಲಿಸುತ್ತಿದ್ದ ಮೇಸ್ತ್ರಿಗಳನ್ನು ನೋಡಿದ. ಕಲಿಸುವಾಗ ಒಂದು ಬಗೆ, ಅವಸರದಲ್ಲಿ ಇನ್ನೊಂದು ಬಗೆ, ನಿಧಾನವಾಗಿ ಮಾಡುವಾಗ ಮತ್ತೊಂದು ಬಗೆಯಲ್ಲಿ ಅವರ ಕೈ ಆಡುತ್ತಿತ್ತು. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆ ಅವನನ್ನು ಹಿಡಿದುಕೊಂಡಿತು. ಒಂದೊಂದು ಇಟ್ಟಿಗೆಗೂ ಕೆಲಸಗಾರ ನೆಲದವರೆಗೆ ಬಗ್ಗಿ ಏಳುತ್ತಿದ್ದನಷ್ಟೆ? ಗೋಡೆ ಏರಿದಂತೆ ಏರಿಸಬಹುದಾದ ಸಾರುವೆಯೊಂದನ್ನು ಫ್ರಾಂಕ್ ರಚಿಸಿ, ಇಟ್ಟಿಗೆಯೂ ಗಾರೆಯೂ ಕೈಯೆತ್ತರಕ್ಕೇ ಬರುವಂತೆ ಮಾಡಿದ. ಒಂದು ಇಟ್ಟಿಗೆ ಇಡಲು 18 ಚಲನೆಗಳು ಬೇಕಾಗಿದ್ದುದು ನಾಲ್ಕೂವರೆಗೆ ಇಳಿಯಿತೆಂದು ಲೆಕ್ಕ. ಬಗ್ಗುವುದು ತಪ್ಪಿತು, ಗೋಡೆ ಬೇಗ ಎದ್ದಿತು.

1904ರ ಅಕ್ಟೋಬರ್ 19ರಂದು ಇವರ ವಿವಾಹ. ಹನ್ನೆರಡು ಮಕ್ಕಳಾಗಬೇಕು, ಆರು ಗಂಡು ಆರು ಹೆಣ್ಣು ಎಂದು ದಂಪತಿಗಳು ಮೊದಲೇ ನಿಶ್ಚಯಿಸಿಕೊಂಡರಂತೆ. ಆಶ್ಚರ್ಯವೆಂದರೆ ಹಾಗೆಯೇ ಆಯಿತು. ಮೇರಿ ಎಂಬ ಮಗಳು ಮಾತ್ರ 1912ರಲ್ಲಿ ಗಂಟಲುಮಾರಿಗೆ ತುತ್ತಾದಳು. ಗಂಡನ ಉದ್ಯೋಗದಲ್ಲಿ ಸಮಭಾಗಿಯಾಗಲು ಲಿಲಿಯನ್ ಸಾಹಿತ್ಯವನ್ನು ಬಿಟ್ಟು ಮನಶ್ಶಾಸ್ತ್ರವನ್ನು ಹಿಡಿದು ಡಾಕ್ಟರೇಟಿಗೆ ಮಹಾಪ್ರಬಂಧವನ್ನು ಬರೆಯತೊಡಗಿದಳು. ವಿಷಯ ನಿರ್ವಹಣೆಯ ಮನಶ್ಶಾಸ್ತ್ರ.

ಈ ಪ್ರಬಂಧದ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಟೇಲರ್ ಅವರ ಪ್ರಸಿದ್ಧ ಗ್ರಂಥ 1911ರಲ್ಲಿ ಹೊರಬಂದಿತ್ತು. ಕೆಲಸವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು, ಒಂದೊಂದಕ್ಕೂ ಎಷ್ಟು ಹೊತ್ತು ಬೇಕೆಂದು ಅಳೆದು, ಆ ಪ್ರಮಾಣಕ್ಕೆ ಕೆಲಸಗಾರನನ್ನು ಒಗ್ಗಿಸುವುದು ಅವರ ಪದ್ಧತಿ. ಲಿಲಿಯನ್ ಆ ಅಳತೆಯನ್ನು ತಳ್ಳಿಹಾಕಲಿಲ್ಲ. ಆದರೆ ಆಕೆಯ ದೃಷ್ಟಿ ಕೆಲಸದಿಂದ ಕೆಲಸಗಾರನ ಕಡೆಗೆ ತಿರುಗಿತು. ಒಬ್ಬೊಬ್ಬ ದುಡಿಮೆಗಾರನಿಗೂ ಅವನದೇ ಆದ ಸ್ವಭಾವವಿದೆ. ಅವನು ಬೇಗ ಕಲಿಯುವುದು ಹೇಗೆ, ಅವನಿಗೆ ಬೇಸರ ಬರುವುದು ಏಕೆ, ಪ್ರೋತ್ಸಾಹ ಕೊಡುವುದು ಹೇಗೆ, ಅವನ ಕ್ಷೇಮವೆಂದರೇನು ಎಂಬುದನ್ನೆಲ್ಲ ಅಧ್ಯಾಯ ಅಧ್ಯಾಯವಾಗಿ ವಿಚಾರಿಸಿದಳು. ಇಂದು ಎಂ.ಬಿ.ಎ.ಯಲ್ಲಾಗಲಿ ಸಮಾಜಕಾರ್ಯದ ಸ್ನಾತಕೋತ್ತರ ವರ್ಗದಲ್ಲಾಗಲಿ ಮಾನವ ಸಂಪನ್ಮೂಲದ ಪತ್ರಿಕೆಗಳಲ್ಲಿ ತರಬೇತಿ, ಪ್ರೋತ್ಸಾಹಧನ, ಕ್ಷೇಮ ಎಂದು ಕಾಣುವ ಶೀರ್ಷಿಕೆಗಳಲ್ಲಿ ಹಲವು ಆ ಪ್ರಬಂಧದಲ್ಲಿ ಆಗಲೇ ಇದ್ದವು.

ಪ್ರಬಂಧ ಸಿದ್ಧವಾಯಿತು, ಪದವಿ ಸಿಕ್ಕಲಿಲ್ಲ! ಕೊನೆಯ ವರ್ಷ ವಿಶ್ವವಿದ್ಯಾಲಯದಲ್ಲಿಯೇ ಇದ್ದು ಓದಬೇಕೆಂಬ ನಿಯಮವನ್ನು ಆಕೆ ಪಾಲಿಸಿಲ್ಲವೆಂದು ಕ್ಯಾಲಿಫೋರ್ನಿಯದವರು ಪದವಿಯನ್ನು ನಿರಾಕರಿಸಿದರು. ಕೈಕೂಸುಗಳನ್ನು ಕಟ್ಟಿಕೊಂಡು ಖಂಡದ ಇನ್ನೊಂದು ಅಂಚಿನಲ್ಲಿ ಸಂಸಾರ ಮಾಡುತ್ತಿದ್ದವಳು ಬರ್ಕ್ಲಿಗೆ ಬಂದು ವರ್ಷ ಕಳೆಯುವುದು ಹೇಗೆ? ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಾಜರಾತಿಯ ಕೊರತೆ. ಪರೀಕ್ಷೆಯ ಮುನ್ನ ಕಚೇರಿಯ ಫಲಕದಲ್ಲಿ ಹೆಸರು ಕಂಡು ಎದೆ ಒಡೆದುಕೊಂಡವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಈ ವಿದುಷಿಯ ಸಂಗಾತವಿರಲಿ. (ಅವರೆಲ್ಲರಿಗೂ ಹನ್ನೆರಡು ಮಕ್ಕಳಿದ್ದವೆಂದು ಪ್ರಾಂಶುಪಾಲರು ನಂಬುವುದು ಕಷ್ಟ.)

ಪ್ರಬಂಧವು ಒಂದು ಇಂಜಿನಿಯರಿಂಗ್ ಪತ್ರಿಕೆಯಲ್ಲಿ ಕಂತುಗಳಾಗಿ ಬಂದು, 1914ರಲ್ಲಿ ಪುಸ್ತಕವಾಯಿತು. ಪ್ರಕಾಶಕರು ಒಂದು ಷರತ್ತು ಹಾಕಿದರು. ಬರೆದವಳು ಹೆಂಗಸೆಂದು ಓದುಗರಿಗೆ ತಿಳಿಯಬಾರದು. ಆದುದರಿಂದ ಎಲ್. ಎಂ. ಗಿಲ್‌ಬ್ರೆತ್ ಎಂದಷ್ಟೇ ಅಚ್ಚಾಯಿತು. ಪದವೀಧರೆಗೆ ತಕ್ಕದ್ದೆಂದು ತಾನೇ ತಿದ್ದಿಕೊಂಡ ಹೆಸರು ಪುಸ್ತಕದ ಮೇಲೆ ಒಂದು ಅಕ್ಷರವಾಗಿ ಕುಗ್ಗಿತು. ಆಕೆ ಗಲಾಟೆ ಮಾಡಲಿಲ್ಲ. ಮಾಡಬೇಕಾಗಿತ್ತೆಂದು ನನ್ನ ಅನಿಸಿಕೆ. ಆದರೆ ಮಾಡಿದ್ದರೆ ಪುಸ್ತಕವೇ ಬರುತ್ತಿತ್ತೋ ಇಲ್ಲವೋ. ಆಕೆ ಮಾಡಿದ್ದು ಬೇರೆ. ಸಂಸಾರ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರಕ್ಕೆ ಬಂದಿತ್ತು. ಅಲ್ಲಿಯ ಬ್ರೌನ್ ವಿಶ್ವವಿದ್ಯಾಲಯಕ್ಕೆ ಸೇರಿ, ಬೋಧನೆಯಲ್ಲಿ ಶ್ರಮ ವ್ಯರ್ಥವಾಗುವುದನ್ನು ತಪ್ಪಿಸುವ ವಿಷಯವಾಗಿ ಮೊದಲಿನಿಂದ ಇನ್ನೊಂದು ಪ್ರಬಂಧವನ್ನೇ ಬರೆದು 1915ರಲ್ಲಿ ಡಾಕ್ಟರೇಟ್ ಪಡೆದಳು.

ಗಂಡಹೆಂಡಿರು ಕೂಡಿ ನಡೆಸಿದ ಚಲನಾಧ್ಯಯನದ ಕಥೆ ದೊಡ್ಡದು. ಕೆಲಸಗಾರರ ಕೈಗಳನ್ನು ಚಲನಚಿತ್ರವಾಗಿ ಹಿಡಿದು, ಹುಡುಕುವುದು, ಹಿಡಿಯುವುದು, ಸಾಗಿಸುವುದು, ಇಡುವುದು ಎಂದು ಮೂಲ ಚಲನೆಗಳನ್ನು ವಿಂಗಡಿಸಿದರು. ಅವುಗಳಿಗೆ ತಮ್ಮ ಹೆಸರನ್ನೇ ಹಿಂದುಮುಂದಾಗಿಸಿ ಥರ್ಬ್ಲಿಗ್ ಎಂದು ಹೆಸರಿಟ್ಟರು. ದಣಿವನ್ನು ಕುರಿತ ಅವರ ಗ್ರಂಥ 1916ರಲ್ಲಿ ಬಂತು. ಕುಳಿತು ಮಾಡಬಹುದಾದ ಕೆಲಸವನ್ನು ನಿಂತು ಮಾಡಿಸಬಾರದು, ಒಳ್ಳೆಯ ಕುರ್ಚಿ, ಕಾಲಿಗೆ ಆಸರೆ, ಸಾಕಷ್ಟು ಬೆಳಕು, ನಡುನಡುವೆ ವಿಶ್ರಾಂತಿ ಬೇಕು ಎಂದು ಮಾಲೀಕರಿಗೆ ಹೇಳಿದರು. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಮತ್ತೆ ದುಡಿಮೆಗೆ ನಿಲ್ಲುವ ಬಗೆಯನ್ನೂ ಇದೇ ವಿಧಾನದಿಂದ ಕಂಡುಹಿಡಿಯಲು ಶ್ರಮಿಸಿದರು. ಟೇಲರ್ ಅನುಯಾಯಿಗಳೊಡನೆ ಇವರಿಗೆ ವಿರಸವುಂಟಾಯಿತು. ಗಡಿಯಾರ ಹೊತ್ತನ್ನು ಹೇಳುತ್ತದೆ, ಕೆಲಸದ ಉತ್ತಮ ದಾರಿಯನ್ನು ಹೇಳುವುದಿಲ್ಲವೆಂಬುದು ಇವರ ಆಕ್ಷೇಪ. ಇಷ್ಟಾದರೂ ಇವರಿಗೆ ಹಣ ಕೊಡುತ್ತಿದ್ದವರು ಮಾಲೀಕರೇ ಎಂಬುದನ್ನು ಮರೆಯಲಾಗದು. ಇಟ್ಟಿಗೆ ಕೆಲಸಗಾರರ ಸಂಘಗಳು ಫ್ರಾಂಕನ ಪದ್ಧತಿಯನ್ನು ವಿರೋಧಿಸಿದ್ದೂ ಉಂಟು. ಉಳಿಸಿದ ಚಲನೆಯ ಲಾಭ ಯಾರ ಪಾಲಿಗೆ ಎಂಬ ಪ್ರಶ್ನೆಗೆ ದಂಪತಿಗಳ ಉತ್ತರ ನನಗೆ ಪೂರ್ತಿ ತೃಪ್ತಿ ಕೊಡಲಿಲ್ಲ.

1924ರ ಜೂನ್ 14ರಂದು, ಯೂರೋಪಿನ ಸಮ್ಮೇಳನಗಳಿಗೆ ಹೊರಡುವ ಸಿದ್ಧತೆಯಲ್ಲಿದ್ದ ಫ್ರಾಂಕ್, ರೈಲು ನಿಲ್ದಾಣದಿಂದ ಹೆಂಡತಿಯೊಡನೆ ಟೆಲಿಫೋನಿನಲ್ಲಿ ಮಾತನಾಡುತ್ತಿದ್ದಂತೆಯೇ ಹೃದಯಾಘಾತದಿಂದ ಕುಸಿದು ತೀರಿಕೊಂಡನು. ಮನೆಯಲ್ಲಿ ಹನ್ನೊಂದು ಮಕ್ಕಳು. ಹಿರಿಯಳಿಗೆ ಹದಿನೆಂಟು, ಕಿರಿಯಳಿಗೆ ಎರಡು ವರ್ಷ. ಕೆಲವೇ ದಿನಗಳಲ್ಲಿ ಲಿಲಿಯನ್ ಹಡಗು ಹತ್ತಿ, ಲಂಡನ್ನಿನಲ್ಲಿಯೂ ಪ್ರಾಗ್ ನಗರದಲ್ಲಿಯೂ ಗಂಡನ ಸ್ಥಾನದಲ್ಲಿ ನಿಂತು ಸಮ್ಮೇಳನಗಳಲ್ಲಿ ಪಾಲ್ಗೊಂಡಳು. ಮರಳಿ ಬರುವಷ್ಟರಲ್ಲಿ ಕಂಪನಿಗಳು ಒಂದೊಂದಾಗಿ ಹಿಂದೆಗೆದವು. ಡಾಕ್ಟರೇಟ್ ಇದ್ದರೇನು, ಹೆಂಗಸಿಗೆ ಕಾರ್ಖಾನೆಯ ಕೆಲಸ ಒಪ್ಪಿಸುವುದು ಹೇಗೆ ಎಂದು ಅವರ ಹಿಂಜರಿಕೆ.

ಆಗ ಆಕೆ ಮನೆಯಲ್ಲಿಯೇ ಚಲನಾಧ್ಯಯನದ ತರಗತಿಗಳನ್ನು ನಡೆಸಿದಳು. ಹೆಂಗಸಿಗೆ ಸಲ್ಲುವುದೆಂದು ಜಗತ್ತು ಬಿಟ್ಟುಕೊಟ್ಟ ಕ್ಷೇತ್ರಗಳಿಂದಲೇ ಒಳಹೊಕ್ಕಳು. ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಅಂಗಡಿಯ ಮಾರಾಟದ ಹುಡುಗಿಯರ ಕೆಲಸವನ್ನು ಅಭ್ಯಸಿಸಿದಳು. ಅಡುಗೆಮನೆಯನ್ನೂ ಕಾರ್ಖಾನೆಯಂತೆಯೇ ಪರೀಕ್ಷಿಸಿ, ಒಲೆ, ತೊಟ್ಟಿ, ಮೇಜುಗಳ ಎತ್ತರವನ್ನು ನಿಂತು ಕೆಲಸ ಮಾಡುವವಳ ಮೈಗೆ ಹೊಂದಿಸಿದಳು. ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿಯೂ ಆಕೆಯ ಕಲ್ಪನೆಯೆಂದು ಹೇಳುತ್ತಾರೆ. ಸ್ವತಃ ಆಕೆಗೆ ಅಡುಗೆ ಅಷ್ಟಾಗಿ ಬರುತ್ತಿರಲಿಲ್ಲವೆಂಬುದು ಬೇರೆ ಮಾತು. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ವಿಭಾಗ ಆಕೆಯನ್ನು ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕಳನ್ನಾಗಿ ನೇಮಿಸಿತು. ಅಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಆಕೆಯೇ. 1948ರಲ್ಲಿ ನಿವೃತ್ತಳಾದ ಮೇಲೂ ದೇಶದೇಶಗಳಲ್ಲಿ ಉಪನ್ಯಾಸ ಮಾಡುತ್ತ ತಿರುಗಿದಳು. 1965ರಲ್ಲಿ, 87ನೆಯ ವಯಸ್ಸಿನಲ್ಲಿ, ಅಮೆರಿಕದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯಾದಳು. ಹನ್ನೊಂದು ಮಕ್ಕಳನ್ನೂ ಕಾಲೇಜಿನಲ್ಲಿ ಓದಿಸಿದಳು. 1972ರ ಜನವರಿ 2ರಂದು ಅರಿಜೋನ ರಾಜ್ಯದಲ್ಲಿ ನಿಧನಳಾದಳು. 1984ರಲ್ಲಿ ಅಮೆರಿಕದ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಅದರ ಮೇಲೆ ಹೆಸರನ್ನು ಪೂರ್ತಿಯಾಗಿ ಅಚ್ಚು ಹಾಕಿದ್ದಾರೆ.

ಈ ಕಥೆಯನ್ನೆಲ್ಲ ಒಂದು ಭಾನುವಾರ ನಮ್ಮ ತಾಯಿಗೆ ಹೇಳಿದೆ. ಡಾಕ್ಟರೇಟಿನ ಗೋಜು ಅವರಿಗೆ ಹಿಡಿಸಲಿಲ್ಲ. ಹನ್ನೊಂದು ಮಕ್ಕಳ ಮಾತಿಗೆ ಹಣೆ ಚಚ್ಚಿಕೊಂಡರು. ಅವರ ಮನಸ್ಸು ನಿಂತದ್ದು ಇಟ್ಟಿಗೆಯ ಸಾರುವೆಯ ಮೇಲೆ. ಕತ್ತರಿಸಿದ ಬಟ್ಟೆಯ ಕಟ್ಟನ್ನು ತಮ್ಮ ಎಡಕ್ಕೆ ನೆಲದ ಮೇಲೆ ಇಟ್ಟುಹೋಗುತ್ತಾರೆಂದೂ, ದಿನಕ್ಕೆ ನೂರಾರು ಸಾರಿ ಅದಕ್ಕಾಗಿ ಬಗ್ಗಬೇಕೆಂದೂ, ಮೊಣಕಾಲೆತ್ತರದ ಒಂದು ಹಲಗೆ ಇದ್ದರೆ ಸಾಕಾಗಿತ್ತೆಂದೂ ಹೇಳಿದರು. ಗಡಿಯಾರ ಹಿಡಿದು ಬಂದವರು ಅದನ್ನು ಕೇಳಲಿಲ್ಲವಂತೆ. ಸ್ವಲ್ಪ ಹೊತ್ತಿನ ಮೇಲೆ, ನನ್ನ ಅರ್ಜಿಗೆ ಕೊನೆಯ ತಾರೀಖು ಯಾವುದೆಂದು ವಿಚಾರಿಸಿದರು.